ಒಂದೇ ಸೀಟಿನ ಪುಸ್ತಕ

ಕಳ್ಳತನಗಳಲ್ಲಿ ಕಳ್ಳತನವೆಂದು ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಬಗೆ ಇದೆ, ಅದು ಪುಸ್ತಕದ್ದು. ನೆಂಟರ ಮನೆಯಿಂದ ಒಂದು ಸ್ಟೀಲ್ ಲೋಟವನ್ನು ಕೈಚೀಲಕ್ಕೆ ಸೇರಿಸಿಕೊಂಡು ಬಂದವರನ್ನು ಜನ ತಲೆಮಾರುಗಟ್ಟಲೆ ಆಡಿಕೊಳ್ಳುತ್ತಾರೆ. ಅದೇ ಮನೆಯಿಂದ ಒಂದು ಪುಸ್ತಕ ಎತ್ತಿಕೊಂಡು ಬಂದವರನ್ನು ‘ಪಾಪ, ಓದುವ ಹುಚ್ಚಿನವರು’ ಎಂದು ಹೊಗಳುತ್ತಾರೆ. ನಾನು ಸಂಸಾರ ಹೂಡಿರುವ ಕೋಲ್ಕತ್ತದಲ್ಲಂತೂ ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಹಿಂದಿರುಗಿಸದೇ ಇರುವುದು ಎಲ್ಲವೂ ಸ್ನೇಹದ ಲಕ್ಷಣಗಳೇ. ನನ್ನ ಸಹೋದ್ಯೋಗಿಯೊಬ್ಬರು ಒಮ್ಮೆ ತಮ್ಮ ಮನೆಯ ಗಾಜಿನ ಬೀರುವನ್ನು ತೆರೆದು, ‘ಇದು ನಮ್ಮ ಮಾವನದ್ದು, ಇದು ನನ್ನ ಹಳೆಯ ಪ್ರೊಫೆಸರರದ್ದು, ಇದು ಯಾವುದೋ ಗ್ರಂಥಾಲಯದ್ದು’ ಎಂದು ಹೆಮ್ಮೆಯಿಂದ ಪರಿಚಯ ಮಾಡಿಸಿದರು. ‘ಇದರಲ್ಲಿ ನಿಮ್ಮದು ಯಾವುದು?’ ಎಂದು ಕೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ‘ನನ್ನವೆಲ್ಲ ಬೇರೆಯವರ ಮನೆಯಲ್ಲಿವೆ’ ಎಂದರು. ಹೇಳುವಾಗ ಅವರ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ.

ಇಂಥ ಊರಿನಲ್ಲಿ ನಾನು ಸಮಾಜಶಾಸ್ತ್ರದ ಮೇಡಂ. ಕೆಲಸಕ್ಕೆ ಹೋಗುವವರಿಗೆಂದು ನಮ್ಮ ವಿಶ್ವವಿದ್ಯಾಲಯ ನಡೆಸುವ ಆನ್‌ಲೈನ್ ಎಂ.ಎ. ತರಗತಿಯಲ್ಲಿ ನಗರ ಜೀವನದ ಬಗ್ಗೆ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳ ಮುಖಗಳು ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳಲ್ಲಿ ಕಾಣುತ್ತವೆ, ಹೆಚ್ಚಿನ ದಿನ ಕಾಣುವುದೂ ಇಲ್ಲ. ಮುಖ ಕಾಣದ ಈ ಮಕ್ಕಳಿಗೆ ಓದಲು ಪುಸ್ತಕ ಮುಟ್ಟಿಸುವುದು ಹೇಗೆ ಎಂಬುದೇ ದೊಡ್ಡ ಪ್ರಶ್ನೆ. ಇದಕ್ಕೆ ಎಲ್ಲರೂ ಕಂಡುಕೊಂಡಿರುವ ಸುಲಭದ ಉತ್ತರ ಪಿಡಿಎಫ್. ಇಡೀ ಪುಸ್ತಕವನ್ನು ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿರುತ್ತಾರೆ. ಅದು ವಾಟ್ಸಾಪಿನಲ್ಲಿ ಒಬ್ಬರಿಂದೊಬ್ಬರಿಗೆ ಹಾಯುತ್ತಿರುತ್ತದೆ. ಬರೆದವರಿಗೆ ಗೊತ್ತಿಲ್ಲ, ಅಚ್ಚು ಹಾಕಿದವರಿಗೆ ಗೊತ್ತಿಲ್ಲ, ಎಷ್ಟೋ ಸಲ ಇಳಿಸಿಕೊಂಡವರಿಗೂ ಗೊತ್ತಿರುವುದಿಲ್ಲ.

ನಾನು ಮಾತ್ರ ಇದಕ್ಕೆ ಒಲ್ಲೆ ಎಂದು ಕೂತೆ. ಹಂಚುವುದಿದ್ದರೆ ಗ್ರಂಥಾಲಯದ ದಾರಿಯಲ್ಲೇ ಹಂಚುವುದು: ಲೇಖನವಾದರೆ ಲಾಗಿನ್ ಮಾಡಿ ಓದುವ ಲಿಂಕು, ಕಾಗದದ ಪುಸ್ತಕವಾದರೆ ಗ್ರಂಥಾಲಯದವರೇ ತೆಗೆದು ಆ ತರಗತಿಗೆ ಮಾತ್ರ ತೋರಿಸುವ ಒಂದು ಅಧ್ಯಾಯ, ಅದಕ್ಕಿಂತ ಹೆಚ್ಚು ಬೇಕಾದರೆ ಹಕ್ಕು ಇರುವವರಿಗೆ ಒಂದು ಕಾಗದ ಬರೆದು ಕೇಳುವುದು. ಇದಕ್ಕೆ ನನ್ನದೇ ಕಾರಣವಿದೆ. ನನ್ನ ಪಾಠದ ಅರ್ಧ ಭಾಗ ಬೀದಿ ವ್ಯಾಪಾರಿಗಳ ಬಗ್ಗೆ. ಬಿಸಿಲಲ್ಲಿ ಕೂತು ಬದನೆಕಾಯಿ ಮಾರುವವಳ ದುಡಿಮೆಗೆ ಬೆಲೆ ಕೊಡಿ ಎಂದು ಗಂಟಲು ಹರಿಯುವಂತೆ ಹೇಳುತ್ತೇನೆ. ಅವಳ ಪಕ್ಕದಲ್ಲೇ ಅದೇ ಬಿಸಿಲಲ್ಲಿ ವರ್ಷಗಟ್ಟಲೆ ಕೂತು, ಅವಳ ಮಾತು ಕೇಳಿ ಪುಸ್ತಕ ಬರೆದವರ ದುಡಿಮೆಯನ್ನು ಬೆರಳ ತುದಿಯಲ್ಲಿ ಎತ್ತಿಕೊಂಡು ಬನ್ನಿ ಎಂದು ಅದೇ ಗಂಟಲಿನಿಂದ ಹೇಳಲು ನನ್ನಿಂದ ಆಗುವುದಿಲ್ಲ.

ಇದನ್ನು ನಾನು ಸಿದ್ಧಾಂತ ಎಂದು ಕರೆದುಕೊಂಡೆ. ಡಿಪಾರ್ಟ್‌ಮೆಂಟಿನವರು ತಲೆನೋವು ಎಂದು ಕರೆದರು. ನಮ್ಮವರು ಕರೆದದ್ದು ಮಡಿ ಎಂದು. ನಮ್ಮವರೆಂದರೆ ನನ್ನ ಗಂಡ. ಉಡುಪಿ ಕಡೆಯವರು, ಸಿಯಾಲ್ದಾ ಸ್ಟೇಷನ್ನಿನ ಹತ್ತಿರ ಅವರದೊಂದು ಊಟದ ಹೊಟೇಲು, ಜೊತೆಗೆ ಮದುವೆ, ಉಪನಯನಗಳಿಗೆ ಕೇಟರಿಂಗ್. ‘ನನ್ನ ಅಜ್ಜಿ ಒದ್ದೆ ಸೀರೆ ಉಟ್ಟು ಉಪ್ಪಿನಕಾಯಿ ಭರಣಿ ಮುಟ್ಟುವವರು. ಅವರಿಗೂ ಇಷ್ಟು ಮಡಿ ಇರಲಿಲ್ಲ ಮಾರಾಯ್ತಿ’ ಎಂದರು. ಇಲ್ಲೇ ಹುಟ್ಟಿ ಬೆಳೆದ ಮಗಳು ಊಟದ ತಟ್ಟೆಯಿಂದ ತಲೆಯೆತ್ತಿ, ‘ಅಮ್ಮಾ, ಜಸ್ಟ್ ಫಾರ್ವರ್ಡ್ ಕರ್ ದೋ ನಾ. ಎವ್ರಿಬಡಿ ಡಸ್ ಇಟ್’ ಎಂದಳು. ಎಲ್ಲರೂ ಮಾಡುತ್ತಾರೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಹಠಕ್ಕೆ ತುಪ್ಪ ಹೊಯ್ದಂತಾಗುತ್ತದೆ. ಆ ಸಂಜೆಯೇ ತರಗತಿಗೆ ಸಂದೇಶ ಕಳಿಸಿದೆ: ಈ ಸೆಮಿಸ್ಟರಿನಲ್ಲಿ ಕದ್ದ ಪ್ರತಿ ಯಾರೂ ಓದಕೂಡದು, ನಾನೂ ಓದುವುದಿಲ್ಲ. ಆಗಲಿ ಎಂದು ಎಲ್ಲರೂ ಮಾತು ಕೊಟ್ಟರು.

ಅದೇ ಸೆಮಿಸ್ಟರಿಗೆ ನಾನು ಇಟ್ಟ ಪಠ್ಯ, ಸಿಯಾಲ್ದಾ ಸುತ್ತಲಿನ ಸಂತೆಯ ಮೇಲೆ ಬಂದಿದ್ದ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಸೊಗಸಾದ ಪುಸ್ತಕ. ಅದನ್ನು ಪೂರ್ತಿ ಓದಿ ದೊಡ್ಡದೊಂದು ಉತ್ತರ ಬರೆದು ಸಲ್ಲಿಸಬೇಕು ಎಂದು ಮಕ್ಕಳಿಗೆ ಹೇಳಿಬಿಟ್ಟೆ. ಆಮೇಲೆ ತಪನ್ ಬಾಬುವಿನ ಹತ್ತಿರ ಹೋದೆ. ಇಂಥ ಕೆಲಸಗಳನ್ನು ನಾನು ಯಾವಾಗಲೂ ಈ ಕ್ರಮದಲ್ಲೇ ಮಾಡುತ್ತೇನೆ. ತಪನ್ ಬಾಬು ನಮ್ಮ ಗ್ರಂಥಾಲಯದ ಇ-ಪುಸ್ತಕ ವಿಭಾಗದ ಮುಖ್ಯಸ್ಥರು. ಹೊರದೇಶದಲ್ಲಿ ಓದಿ ಬಂದವರು, ಇಸ್ತ್ರಿ ಮುರಿಯದ ಅಂಗಿಯವರು, ಮಾತಿನಲ್ಲಿ ಬಹಳ ಜಿಪುಣರು.

‘ಪುಸ್ತಕ ಇದೆ’ ಎಂದರು. ನನಗೆ ಕುಣಿಯುವಂತಾಯಿತು.

‘ಸೀಟು ಒಂದೇ’ ಎಂದರು.

ಪುಸ್ತಕಕ್ಕೆ ಸೀಟು ಎಂದರೇನು ಎಂದು ಕೇಳಿದ್ದಕ್ಕೆ ವಿವರಿಸಿದರು. ನಾವು ಕೊಂಡಿರುವ ಕರಾರಿನ ಪ್ರಕಾರ ಆ ಇ-ಪುಸ್ತಕವನ್ನು ಒಂದು ಹೊತ್ತಿಗೆ ಒಬ್ಬರು ಮಾತ್ರ ಓದಬಹುದು. ಇಳಿಸಿಕೊಳ್ಳುವಂತಿಲ್ಲ, ಅಚ್ಚು ಹಾಕುವಂತಿಲ್ಲ. ಒಬ್ಬರು ಒಳಗಿದ್ದರೆ ಉಳಿದವರಿಗೆ ‘ಈ ಪುಸ್ತಕ ಬಳಕೆಯಲ್ಲಿದೆ, ಆಮೇಲೆ ಬನ್ನಿ’ ಎಂಬ ಬೋರ್ಡು ಕಾಣುತ್ತದೆ. ಒಳಗೆ ಹೋದವರು ಓದಿ ಮುಗಿಸಿದ ಮೇಲೆ ‘ಹಿಂದಿರುಗಿಸು’ ಎಂಬ ಗುಂಡಿ ಒತ್ತಿ ಹೊರಗೆ ಬರಬೇಕು. ಹಾಗೆ ಒತ್ತದೆ ಸುಮ್ಮನೆ ಎದ್ದು ಹೋದರೆ ಸೀಟು ಬಹಳ ಹೊತ್ತು ಅವರ ಹೆಸರಿನಲ್ಲೇ ಉಳಿದುಬಿಡುತ್ತದೆ. ಒಂದು ತರಗತಿಯಷ್ಟು ಮಂದಿಗೆ ಒಂದು ಸೀಟು! ಕಾಗದದ ಪ್ರತಿ ನಮ್ಮಲ್ಲಿರಲಿಲ್ಲ, ಬೇರೆ ಪಠ್ಯ ಇಡಲು ಹೊತ್ತು ಮೀರಿತ್ತು. ಉತ್ತರ ಸಲ್ಲಿಸುವ ಕೊನೆಯ ದಿನವನ್ನು ಕಂಪ್ಯೂಟರಿನಲ್ಲಿ ಹೂಡಿ ಆಗಿತ್ತು. ಆ ದಿನ ದಾಟಿದರೆ ಅದು ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತದೆ, ನಾನು ಹೇಳಿದರೂ ತೆರೆಯುವುದಿಲ್ಲ.

ಮನೆಗೆ ಬಂದು ಮಂಕಾಗಿ ಕೂತೆ. ನಮ್ಮವರು ಕಾರಣ ಕೇಳಿದರು, ಹೇಳಿದೆ. ಅವರಿಗೆ ನಗು ಬಂತು. ‘ಇದಕ್ಕೆಲ್ಲ ಎಂತಕ್ಕೆ ಮಂಡೆಬಿಸಿ? ಹಾಲ್ ಸಣ್ಣದು, ನೆಂಟರು ಜಾಸ್ತಿ. ನಾವು ಎಂತ ಮಾಡ್ತೇವೆ? ಪಂಕ್ತಿ ಮಾಡ್ತೇವೆ. ಮೊದಲು ದೂರ ಹೋಗುವವರು, ಆಮೇಲೆ ಮಕ್ಕಳು, ಮುದುಕರು, ಆಮೇಲೆ ಮನೆಯವರು. ಎಲೆ ಎತ್ತಿ, ಒರೆಸಿ, ನೋಡಿ, ಮತ್ತೆ ಮುಂದಿನ ಪಂಕ್ತಿ ಬಿಡುವುದು. ಇಷ್ಟೇ ಉಂಟು’ ಎಂದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರ ಕಸುಬಿನಿಂದ ನನ್ನ ಕಸುಬಿಗೆ ಉಪಯೋಗವಾದದ್ದು ಅದೇ ಮೊದಲು. ವಿದ್ವಾಂಸರು ಯಾರೂ ಯೋಚಿಸದ ಉಪಾಯ ಎಂದು ನನಗೆ ಅನ್ನಿಸಿತು. ಅವರಿಗೂ ಹಾಗೇ ಅನ್ನಿಸಿ, ಆ ದಿನ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ಹೀಗೆ ನನ್ನ ತರಗತಿಯಲ್ಲಿ ಪಂಕ್ತಿ ಓದು ಶುರುವಾಯಿತು. ಯಾರಿಗೆ ಯಾವ ಹೊತ್ತು ಅನುಕೂಲ ಎಂದು ಕೇಳಿ, ಬೆಳಗಿನವರು, ಮಧ್ಯಾಹ್ನದವರು, ಸಂಜೆಯವರು ಎಂದು ವಿಂಗಡಿಸಿ, ಒಬ್ಬರ ಹಿಂದೆ ಒಬ್ಬರು ಬರುವಂತೆ ಹೊತ್ತು ಹಂಚಿಕೊಟ್ಟೆ. ‘ಎದ್ದು ಹೋಗುವಾಗ ಹಿಂದಿರುಗಿಸು ಗುಂಡಿ ಒತ್ತಿ, ನಿಮ್ಮ ಹಿಂದೆ ಹಸಿದವರು ನಿಂತಿದ್ದಾರೆ’ ಎಂದು ದಪ್ಪಕ್ಷರದಲ್ಲಿ ಬರೆದೆ. ಬಂಗಾಳಿ ಮಕ್ಕಳಿಗೆ ಬಾಳೆಲೆಯ ಪಂಕ್ತಿ ಹೊಸದೇನಲ್ಲ. ಅವರ ಮದುವೆಗಳಲ್ಲೂ ಮೊದಲಿಗೆ ಕೂತವರ ಕುರ್ಚಿಯ ಹಿಂದೆ ಮುಂದಿನವರು ನಿಂತು, ತಿನ್ನುವವರ ಚಟ್ನಿ ಮುಗಿಯಿತೇ, ಸಂದೇಶ್ ಮಿಠಾಯಿ ಬಂತೇ ಎಂದು ಬಗ್ಗಿ ನೋಡುವುದುಂಟು. ವ್ಯವಸ್ಥೆ ಅವರಿಗೆ ತಕ್ಷಣ ಅರ್ಥವಾಯಿತು. ಮೊದಲ ವಾರ ಒಂದು ದೂರಿಲ್ಲ, ಒಂದು ತಳ್ಳಾಟವಿಲ್ಲ. ನಾನು ಡಿಪಾರ್ಟ್‌ಮೆಂಟಿನಲ್ಲಿ ಸ್ವಲ್ಪ ಎದೆಯುಬ್ಬಿಸಿಕೊಂಡೇ ಓಡಾಡಿದೆ. ಕಾನೂನನ್ನೂ ಗೌರವಿಸಿ ಮಕ್ಕಳಿಗೂ ಓದಿಸಬಹುದು ಎಂದು, ಯಾರೂ ಕೇಳದಿದ್ದರೂ, ಚಹಾದ ಹೊತ್ತಿನಲ್ಲಿ ಭಾಷಣ ಮಾಡಿದೆ.

ಎರಡನೆಯ ವಾರ ಮೌಸುಮಿಯ ಸಂದೇಶ ಬಂತು. ‘ಮ್ಯಾಡಮ್, ಸೀಟು ಭರ್ತಿ.’ ಮಾರನೆಯ ದಿನ ಮತ್ತೆ ಅದೇ. ಅದರ ಮಾರನೆಯ ದಿನವೂ ಅದೇ. ಮೌಸುಮಿ ಕೋಲ್ಕತ್ತದ ಬೆಹಾಲಾ ಬಡಾವಣೆಯವಳು. ರಕ್ತಪರೀಕ್ಷೆ ಮಾಡುವ ಒಂದು ಲ್ಯಾಬಿನ ಕೌಂಟರಿನಲ್ಲಿ ಕೆಲಸ. ಮದುವೆಯಾದ ಮೇಲೆ ಬಿಟ್ಟ ಓದನ್ನು, ಮಗ ಸ್ಕೂಲಿಗೆ ಹೋಗಲು ಶುರುವಾದ ಮೇಲೆ ಮತ್ತೆ ಹಿಡಿದವಳು. ಮನೆಗೆ ಹೋದರೆ ಅಡುಗೆ, ಅತ್ತೆ, ಮಾವ. ಅವಳ ಫೋನು ಮಗನ ಟ್ಯೂಷನ್ನಿಗೆ. ಅವಳಿಗೆ ಓದಲು ಸಿಗುವುದು ಮಧ್ಯಾಹ್ನದ ಊಟದ ಬಿಡುವು ಮಾತ್ರ. ಒಂದು ಕೈಯಲ್ಲಿ ಟಿಫಿನ್ನು, ಇನ್ನೊಂದರಲ್ಲಿ ಫೋನು. ಹೋದ ವರ್ಷ ಮಗನಿಗೆ ಡೆಂಗಿಯಾಗಿ ಒಂದು ಪತ್ರಿಕೆ ತಪ್ಪಿಹೋಗಿತ್ತು. ಇದೂ ತಪ್ಪಿದರೆ ಕೋರ್ಸೇ ತಪ್ಪುತ್ತದೆ. ‘ಮನೆಯಲ್ಲಿ ಈಗಾಗಲೇ ಸಾಕು ಬಿಡು ಅನ್ನುತ್ತಿದ್ದಾರೆ ಮ್ಯಾಡಮ್. ಫೇಲಾದರೆ ನಾನು ಅವರಿಗೆ ಏನೂ ಹೇಳೋ ಹಾಗಿಲ್ಲ’ ಎಂದು ಫೋನಿನಲ್ಲಿ ಹೇಳಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ.

ನಾನು ಸೊಂಟ ಕಟ್ಟಿ ನಿಂತೆ. ಮಧ್ಯಾಹ್ನದ ಪಂಕ್ತಿಯಲ್ಲಿ ಯಾರೋ ಎಲೆಯ ಮುಂದಿಂದ ಏಳುತ್ತಿಲ್ಲ, ಅವರನ್ನು ಎಬ್ಬಿಸಬೇಕು. ಬೆಳಗಿನ ಪಂಕ್ತಿಯ ಹೊತ್ತಿಗೆ ನಾನು ಬಸ್ಸಿನಲ್ಲಿ ನೇತಾಡುತ್ತಿರುತ್ತೇನೆ, ಸಂಜೆಯದರ ಹೊತ್ತಿಗೆ ಅಡುಗೆಮನೆಯಲ್ಲಿ. ಮಧ್ಯಾಹ್ನದ್ದು ಮಾತ್ರ ಪೂರ್ತಿ ನನ್ನ ಕಾವಲಿನಲ್ಲಿತ್ತು. ಹೊಸ ಪಂಕ್ತಿ ಬಿಡುವ ಮುಂಚೆ ನಮ್ಮವರು ಹಾಲನ್ನು ಒಮ್ಮೆ ನೋಡಿ ಬರುತ್ತಾರಲ್ಲ, ಹಾಗೆ ನಾನೂ ಎರಡನೆಯ ವಾರದ ಮೊದಲ ದಿನದಿಂದಲೇ ಮಧ್ಯಾಹ್ನದವರಿಗಿಂತ ಸ್ವಲ್ಪ ಮುಂಚೆ ಲಿಂಕು ಒತ್ತಿ, ಎಲೆ ಖಾಲಿ ಇದೆಯೇ ಎಂದು ನೋಡಿಯೇ ಕ್ಯಾಂಟೀನಿಗೆ ಹೋಗುತ್ತಿದ್ದೆ. ಪ್ರತಿ ಸಲವೂ ಪುಸ್ತಕ ಸರಾಗ ತೆರೆದುಕೊಳ್ಳುತ್ತಿತ್ತು. ಮೌಸುಮಿಯ ದೂರು ಬಂದ ಕೂಡಲೇ ಮತ್ತೆ ಒತ್ತಿ ನೋಡುತ್ತಿದ್ದೆ. ಆಗಲೂ ತೆರೆದುಕೊಳ್ಳುತ್ತಿತ್ತು! ‘ನನಗೆ ಬರುತ್ತಿದೆಯಲ್ಲಮ್ಮ, ನಿನ್ನ ಫೋನು ಹಳೆಯದಾಗಿರಬೇಕು’ ಎಂದೆ. ಪಾಪ, ಫೋನು ಆಫ್ ಮಾಡಿ ಆನ್ ಮಾಡಿದಳು. ಇನ್ನೊಂದು ಬ್ರೌಸರು ಹಾಕಿದಳು. ಅಂಗಡಿಗೆ ಹೋಗಿ ಸಿಮ್ಮು ಬದಲಾಯಿಸಿಕೊಂಡೂ ಬಂದಳು. ಸೀಟು ಭರ್ತಿ.

ಹಾಗಾದರೆ ನಾನು ನೋಡುವ ಹೊತ್ತಿಗೆ ಮಾತ್ರ ಎದ್ದು, ನಾನು ಆ ಕಡೆ ತಿರುಗಿದ ಕೂಡಲೇ ಮತ್ತೆ ಕೂತುಬಿಡುವ ಯಾರೋ ಜಾಣರು ಇದ್ದಾರೆ ಎಂದು ತೀರ್ಮಾನಿಸಿದೆ. ಗುಂಪಿನಲ್ಲಿ ಕಟುವಾದ ಸಂದೇಶ ಹಾಕಿದೆ. ‘ನಮ್ಮಲ್ಲೊಬ್ಬರು ತಮ್ಮ ಸ್ವಾರ್ಥಕ್ಕಾಗಿ ಎಲ್ಲರ ಪುಸ್ತಕವನ್ನು ಹಿಡಿದು ಕೂತಿದ್ದಾರೆ. ಅವರಿಗೆ ನಾಚಿಕೆಯಾಗಬೇಕು.’ ಇಷ್ಟು ಸಾಲದೆಂದು, ನಗರದಲ್ಲಿ ಸಾರ್ವಜನಿಕ ಜಾಗವನ್ನು ಒತ್ತುವರಿ ಮಾಡುವವರ ಮನಃಸ್ಥಿತಿಯ ಬಗ್ಗೆ ಒಂದು ಇಡೀ ತರಗತಿ ತೆಗೆದುಕೊಂಡೆ. ಬಹಳ ಚೆನ್ನಾಗಿ ಬಂತು ಆ ಪಾಠ. ಒಂದಿಬ್ಬರು ಕ್ಯಾಮರಾ ಆನ್ ಮಾಡಿ ಕೇಳಿದರು.

ಆಮೇಲೆ ತಪನ್ ಬಾಬುವಿನ ಮೇಜಿನ ಮುಂದೆ ಹೋಗಿ ನಿಂತೆ. ‘ಮಧ್ಯಾಹ್ನದ ಹೊತ್ತು ಆ ಪುಸ್ತಕದಲ್ಲಿ ಯಾರು ಕೂತಿರುತ್ತಾರೆ, ಹೆಸರು ಕೊಡಿ.’

‘ಕೊಡಲಾಗುವುದಿಲ್ಲ’ ಎಂದರು. ‘ಯಾರು ಯಾವ ಪುಸ್ತಕ ಓದುತ್ತಾರೆ ಎಂದು ಗ್ರಂಥಾಲಯ ಇನ್ನೊಬ್ಬರಿಗೆ ಹೇಳುವುದಿಲ್ಲ. ನೀವು ಕೃತಿಸ್ವಾಮ್ಯ ಪಾಲಿಸುತ್ತೀರಿ, ನಾನು ಇದನ್ನು ಪಾಲಿಸುತ್ತೇನೆ.’ ಅವರ ಬಾಯಿಂದ ಅಷ್ಟು ಉದ್ದದ ಮಾತು ನಾನು ಕೇಳಿರಲಿಲ್ಲ. ನನ್ನಷ್ಟೇ ಹಠದ ಇನ್ನೊಬ್ಬ ಮನುಷ್ಯನನ್ನು ಎದುರು ಕಂಡಾಗ ನನಗೆ ಗೌರವ ಹುಟ್ಟಬೇಕಿತ್ತು. ಮೈ ಉರಿಯಿತು. ಹಠ ಎನ್ನುವುದು ಇನ್ನೊಬ್ಬರಲ್ಲಿದ್ದಾಗ ಎಷ್ಟು ಅಸಹ್ಯವಾಗಿ ಕಾಣುತ್ತದೆ ಎಂದು ಮೆಟ್ಟಿಲಿಳಿಯುತ್ತ ಯೋಚಿಸಿದೆ.

ಹೆಸರು ಸಿಗದಿದ್ದರೇನು, ಊಹೆ ಇತ್ತಲ್ಲ. ನನ್ನ ಅನುಮಾನ ಅರ್ಕ ಎಂಬ ಹುಡುಗನ ಮೇಲೆ. ಯಾವುದೋ ಕಂಪನಿಯಲ್ಲಿ ಕೆಲಸ, ನಾಲಗೆ ಚುರುಕು, ತರಗತಿಯಲ್ಲಿ ಪುಸ್ತಕದ ಯಾವ ಪುಟ ಕೇಳಿದರೂ ಥಟ್ಟನೆ ಓದಿ ಹೇಳುತ್ತಿದ್ದ. ಅಷ್ಟು ಸಲೀಸಾಗಿ ಓದುತ್ತಾನೆಂದರೆ ಇಡೀ ದಿನ ಸೀಟು ಹಿಡಿದಿರುವವನು ಇವನೇ. ಫೋನು ಮಾಡಿ ಜಾಡಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು ಬಹಳ ನೊಂದ ದನಿಯಲ್ಲಿ, ‘ಮ್ಯಾಮ್, ನನ್ನ ಮೇಲೆ ಇಂಥ ಆಪಾದನೆಯೇ? ನಾನು ಲೈಬ್ರರಿ ಲಿಂಕನ್ನು ಇವತ್ತಿನ ತನಕ ಒತ್ತಿಯೇ ಇಲ್ಲ. ನನ್ನ ಹತ್ತಿರ ಪಿಡಿಎಫ್ ಇದೆಯಲ್ಲ!’ ಎಂದ. ಅಷ್ಟಕ್ಕೇ ನಿಲ್ಲದೆ, ‘ನಿಮಗೂ ಕಳಿಸಲಾ?’ ಎಂದು ಕೇಳಿದ.

ಕಳ್ಳತನವನ್ನೇ ಸಾಕ್ಷಿಯಾಗಿ ಮುಂದಿಟ್ಟು ನಿರಪರಾಧಿಯಾದವನನ್ನು ಏನೆಂದು ಬೈಯುವುದು? ಸ್ವಲ್ಪ ಕೆದಕಿದಾಗ ಉಳಿದದ್ದೂ ಹೊರಬಿತ್ತು. ಅವನೊಬ್ಬನೇ ಅಲ್ಲ, ತರಗತಿಯ ಬಹುಪಾಲು ಮಂದಿ ಅವನ ಪಿಡಿಎಫ್ಫಿನಲ್ಲೇ ಓದುತ್ತಿದ್ದರು. ನನ್ನ ಪಂಕ್ತಿಗಳು ಅಷ್ಟು ಶಿಸ್ತಾಗಿ ಕೂತು ಎದ್ದು ಹೋಗುತ್ತಿದ್ದದ್ದು ಏಕೆಂದು ಆಗ ಗೊತ್ತಾಯಿತು. ಹೆಚ್ಚಿನವರು ಊಟಕ್ಕೇ ಕೂತಿರಲಿಲ್ಲ, ಹೊರಗೆ ತಿಂದು ಬಂದು ಕೈ ತೊಳೆಯುತ್ತಿದ್ದರು. ‘ಮೌಸುಮಿ ದೀದಿಗೂ ಕಳಿಸುತ್ತೇನೆ ಅಂದೆ ಮ್ಯಾಮ್’ ಎಂದು ಅರ್ಕ ಹೇಳಿದ. ‘ಬೇಡ ಅಂದರು. ಮ್ಯಾಡಮ್ ಬೇಡ ಅಂತ ಹೇಳಿದ್ದಾರೆ, ಅವರಿಗೆ ಮಾತು ಕೊಟ್ಟಿದ್ದೀವಿ ಅಂದರು.’

ಫೋನು ಕೆಳಗಿಟ್ಟೆ. ನನ್ನ ಮಾತನ್ನು ಇಡೀ ತರಗತಿಯಲ್ಲಿ ನಿಜವೆಂದು ನಂಬಿದವಳು ಒಬ್ಬಳು. ಫೇಲಾಗಲು ಹೊರಟವಳೂ ಅವಳೊಬ್ಬಳೇ. ಕದ್ದು ಓದಿದವರೆಲ್ಲ ಪಾಸಾಗಿ, ನನ್ನನ್ನು ನಂಬಿದವಳು ಮನೆಯವರ ಮುಂದೆ ತಲೆ ತಗ್ಗಿಸಿ ನಿಂತರೆ, ನನ್ನ ಸಿದ್ಧಾಂತಕ್ಕೆ ಎಂಥ ಮರ್ಯಾದೆ? ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಅರ್ಕನಿಂದ ಪಿಡಿಎಫ್ ತರಿಸಿ ನಾನೇ ಅವಳಿಗೆ ಕಳಿಸಿಬಿಡಲೇ ಎಂದು ಅನ್ನಿಸಿತು. ಬೆರಳು ಫೋನಿನ ತನಕ ಹೋಗಿತ್ತು ಕೂಡ. ಆದರೆ ಕಳಿಸಿದರೆ, ಇಷ್ಟು ದಿನ ಸೀಟಿಗಾಗಿ ಕಾದು ನಿಂತ ಅವಳಿಗೆ ಏನು ಹೇಳಿದ ಹಾಗಾಯಿತು? ನಿನ್ನ ಮಾತು ನೀನು ಉಳಿಸಿಕೊಂಡದ್ದು ದಡ್ಡತನ ಎಂದೇ? ಇಲ್ಲ. ಅವಳು ಓದಬೇಕು, ಗ್ರಂಥಾಲಯದ ಪುಸ್ತಕವನ್ನೇ ಓದಬೇಕು, ಓದುವ ತನಕ ನಾನು ಬಿಡುವುದಿಲ್ಲ ಎಂದುಕೊಂಡೆ. ಮರುದಿನ ನನಗೆ ಪಾಠವಿರಲಿಲ್ಲ. ಲೇಕ್ ಗಾರ್ಡನ್ಸ್‌ನ ನಮ್ಮ ಮನೆಯಿಂದ ಹೊರಟೆ, ಬೆಹಾಲಾಗೆ.

ಆಟೋದಲ್ಲಿ ಡ್ರೈವರನ ಪಕ್ಕದ ಅರ್ಧ ಸೀಟಿನಲ್ಲಿ ಒಂದು ಕಾಲು ಹೊರಗೆ ಚಾಚಿಕೊಂಡು ಕೂತು, ಇನ್ನೊಂದು ಆಟೋ ಬದಲಿಸಿ, ಆಮೇಲೆ ಮೀನಿನ ಮಾರುಕಟ್ಟೆ ದಾಟಿ ಲ್ಯಾಬು ಹುಡುಕಿ ಹಿಡಿದೆ. ದಾರಿಯಲ್ಲಿ, ಅಭ್ಯಾಸಬಲ ನೋಡಿ, ಮಧ್ಯಾಹ್ನದ ಪಂಕ್ತಿಗೆ ಎಲೆ ಖಾಲಿ ಇದೆಯೇ ಎಂದು ಒಮ್ಮೆ ಲಿಂಕು ಒತ್ತಿ ನೋಡಿದೆ. ಖಾಲಿ ಇತ್ತು. ಸಮಾಧಾನವಾಯಿತು. ಮೌಸುಮಿಯನ್ನು ನಾನು ಪೂರ್ತಿಯಾಗಿ ನೋಡಿದ್ದು ಅವತ್ತೇ. ಚೌಕದೊಳಗೆ ಕಾಣುತ್ತಿದ್ದದ್ದಕ್ಕಿಂತ ಎತ್ತರದ ಹೆಂಗಸು. ನನ್ನನ್ನು ಕಂಡು ಗಾಬರಿಯಾಗಿ ಎದ್ದು ನಿಂತಳು. ‘ಎ ಕೀ, ಮ್ಯಾಡಮ್! ಆಪ್ನಿ? ನೀವಾ?’ ಎಂದು, ರೋಗಿಗಳು ಕೂರುವ ಕುರ್ಚಿಯೊಂದನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. ರಕ್ತ ಕೊಡಲು ಬಂದಿದ್ದ ಮುದುಕರೊಬ್ಬರು ನನ್ನನ್ನು ದೊಡ್ಡ ಡಾಕ್ಟರೆಂದು ತಿಳಿದು ಅಂಗಿಯ ತೋಳು ಮಡಿಸಿ ಕೈ ಮುಂದೆ ಚಾಚಿದರು.

ಊಟದ ಬಿಡುವಾಯಿತು. ‘ನನ್ನ ಮುಂದೆ ತೆಗೆ’ ಎಂದೆ. ತನ್ನ ಫೋನು ತೆಗೆದು ಲಾಗಿನ್ ಮಾಡಿ ಪುಸ್ತಕದ ಮೇಲೆ ಒತ್ತಿದಳು. ಬೋರ್ಡು ಬಂತು. ಈ ಪುಸ್ತಕ ಬಳಕೆಯಲ್ಲಿದೆ, ಆಮೇಲೆ ಬನ್ನಿ. ‘ತಾಳು’ ಎಂದು ನನ್ನ ಫೋನಿನಲ್ಲಿ ಒತ್ತಿದೆ. ಪುಸ್ತಕ ಗಾಳಿಗೆ ಬಾಗಿಲು ತೆರೆದ ಹಾಗೆ ತೆರೆದುಕೊಂಡಿತು. ಎರಡು ಫೋನುಗಳನ್ನೂ ಕೌಂಟರಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟೆವು. ಅದರಲ್ಲಿ ಭರ್ತಿ, ಇದರಲ್ಲಿ ಖಾಲಿ. ‘ನೋಡಿದೆಯಾ! ಸೀಟು ಇದೆ. ನಿನಗೆ ಮಾತ್ರ ಬಿಡುತ್ತಿಲ್ಲ. ಇದು ಅನ್ಯಾಯ’ ಎಂದು ಕೂಗಿ, ಅಲ್ಲಿಂದಲೇ ತಪನ್ ಬಾಬುವಿಗೆ ಫೋನು ಹಚ್ಚಿದೆ. ಅವಳಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಮುದುಕರೂ ಹತ್ತಿರ ಬಂದರು.

‘ತಪನ್ ಬಾಬು, ಈಗ, ಈ ನಿಮಿಷದಲ್ಲಿ ಆ ಪುಸ್ತಕದಲ್ಲಿ ಯಾರು ಕೂತಿದ್ದಾರೆ ಎಂದು ನೋಡಿ. ಹೆಸರು ಹೇಳುವುದಿಲ್ಲ ಎನ್ನಬೇಡಿ. ಇಲ್ಲೊಬ್ಬಳ ಬದುಕಿನ ಪ್ರಶ್ನೆ.’

ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿತು.

‘ಬೇರೆ ಓದುಗರ ಹೆಸರನ್ನು ನಾನು ಹೇಳುವಂತಿಲ್ಲ’ ಎಂದರು ತಪನ್ ಬಾಬು. ‘ನಿಮ್ಮ ಹೆಸರನ್ನು ನಿಮಗೆ ಹೇಳಲು ಅಡ್ಡಿಯಿಲ್ಲ.’

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮೌಸುಮಿಗೆ ನನಗಿಂತ ಮುಂಚೆಯೇ ಆಗಿರಬೇಕು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ರಕ್ತದ ಶೀಷೆಗಳ ಕಡೆ ತಿರುಗಿ ನಿಂತಿದ್ದಳು. ಸೀಟು ಖಾಲಿ ಇದೆಯೇ ಎಂದು ನೋಡಲು ನಾನು ಒಳಗೆ ಹೋಗುತ್ತಿದ್ದೆ. ಒಳಗೆ ಹೋದವರು ಕೂತಂತೆಯೇ ಲೆಕ್ಕ. ಓದಲಿಲ್ಲವಲ್ಲ, ಇಣುಕಿದೆ ಅಷ್ಟೇ ಎಂದುಕೊಂಡು ನಾನು ಹಿಂದಿರುಗಿಸು ಗುಂಡಿಯನ್ನು ಒಂದು ದಿನವೂ ಒತ್ತಿರಲಿಲ್ಲ. ಪುಸ್ತಕ ನನ್ನ ಹೆಸರಿನಲ್ಲಿ ಮಧ್ಯಾಹ್ನ ಪೂರ್ತಿ ಇರುತ್ತಿತ್ತು. ನಾನು ಮತ್ತೆ ಮತ್ತೆ ಒತ್ತಿ ನೋಡಿದಾಗೆಲ್ಲ, ನನ್ನದೇ ಸೀಟಿಗೆ ನನ್ನನ್ನು ಸಂತೋಷದಿಂದ ಬರಮಾಡಿಕೊಳ್ಳುತ್ತಿತ್ತು. ಸ್ವಾರ್ಥಕ್ಕಾಗಿ ಎಲ್ಲರ ಪುಸ್ತಕ ಹಿಡಿದು ಕೂತವರು, ಸಾರ್ವಜನಿಕ ಜಾಗ ಒತ್ತುವರಿ ಮಾಡಿದವರು, ನಾಚಿಕೆಯಾಗಬೇಕಾದವರು ಎಲ್ಲರೂ ನಾನೇ. ಏನೂ ತೋಚದೆ ಗುಂಡಿ ಒತ್ತಿದೆ. ಪಕ್ಕದ ಫೋನಿನಲ್ಲಿ ಪುಸ್ತಕ ತೆರೆಯಿತು. ಮೌಸುಮಿ ಅದನ್ನು ಎತ್ತಿಕೊಂಡು, ನನಗೊಂದು ಲೋಟ ನೀರು ಕೊಟ್ಟು, ನಿಂತಲ್ಲೇ ಓದಲು ಶುರುಮಾಡಿದಳು. ಒಂದು ನಿಮಿಷವನ್ನೂ ನನ್ನ ಸಮಾಧಾನಕ್ಕೆಂದು ಹಾಳುಮಾಡಲಿಲ್ಲ.

ಗುಂಪಿಗೆ ಕ್ಷಮಾಪಣೆ ಬರೆಯುವುದು ನನ್ನ ಪ್ರಬಂಧಗಳನ್ನು ಬರೆದದ್ದಕ್ಕಿಂತ ಕಷ್ಟವಾಯಿತು. ಆದರೂ ಬರೆದೆ; ಯಾವುದೋ ತಾಂತ್ರಿಕ ತೊಂದರೆ ಎಂದು ತೇಲಿಸದೆ, ಕೂತಿದ್ದವಳು ನಾನೇ ಎಂದೇ ಬರೆದೆ. ನಗುವ ಮುಖಗಳು ಸಾಲುಸಾಲಾಗಿ ಬಂದವು. ಅದರ ಕೆಳಗೇ, ಕದ್ದ ಪ್ರತಿಯ ವಿಷಯದಲ್ಲಿ ಮಾತ್ರ ನನ್ನ ನಿಲುವು ಬದಲಾಗಿಲ್ಲ ಎಂದೂ ಸೇರಿಸಿದೆ. ಅರ್ಕ ಬೇರೆಯಾಗಿ ಸಂದೇಶ ಕಳಿಸಿ ತನಗೂ ಒಂದು ಹೊತ್ತು ಕೊಡಿ ಎಂದು ಕೇಳಿದ. ಪಶ್ಚಾತ್ತಾಪವೆಂದು ನಾನು ಉಬ್ಬುವಷ್ಟರಲ್ಲಿ, ತನ್ನ ಪಿಡಿಎಫ್ಫಿನಲ್ಲಿ ನಡುವಿನ ಪುಟಗಳೇ ಇಲ್ಲ ಎಂದು ತಿಳಿಸಿದ. ಕೊಟ್ಟೆ. ಯಾವ ಕಾರಣಕ್ಕಾದರೂ ಸರಿ, ಇನ್ನೊಬ್ಬ ಎಲೆಯ ಮುಂದೆ ಕೂತನಲ್ಲ.

ಮನೆಯಲ್ಲಿ ಹೇಳಿದಾಗ ನಮ್ಮವರು ನಗಲಿಲ್ಲ, ಕಸುಬಿನ ಮನುಷ್ಯ ಬೆಚ್ಚಿಬಿದ್ದ ಹಾಗೆ ಬೆಚ್ಚಿದರು. ‘ಅಲ್ಲ ಮಾರಾಯ್ತಿ, ಪಂಕ್ತಿ ನೋಡುವವರು ನಿಂತು ನೋಡುವುದಲ್ಲವಾ? ನೀನು ಹೋಗಿ ಎಲೆಗೇ ಕೂತದ್ದಾ?’ ಎಂದರು.

ಆಮೇಲಿನ ಮಧ್ಯಾಹ್ನಗಳು ನನಗೆ ಬಹಳ ಕಷ್ಟದವು. ಹೊತ್ತು ಹತ್ತಿರವಾದ ಹಾಗೆ ಬೆರಳು ತುರಿಸುತ್ತಿತ್ತು. ಅವಳಿಗೆ ಸೀಟು ಸಿಕ್ಕಿತೋ ಇಲ್ಲವೋ? ಒಂದೇ ಒಂದು ಸಲ ಇಣುಕಿ, ತಕ್ಷಣ ಗುಂಡಿ ಒತ್ತಿ ಬಂದರೆ? ಕೊನೆಯ ದಿನವಂತೂ ಕ್ಯಾಂಟೀನಿನಲ್ಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೂತೆ. ಅವಳಿಗೆ ಇನ್ನೂ ಒಂದು ಅಧ್ಯಾಯ ಬಾಕಿ ಇದೆ ಎಂದು ಗೊತ್ತಿತ್ತು. ಫೋನು ತೆಗೆದೆ, ಇಟ್ಟೆ, ಮತ್ತೆ ತೆಗೆದೆ. ಲಿಂಕಿನ ಮೇಲೆ ಬೆರಳು ಇಡುವಷ್ಟರಲ್ಲಿ ಬೆಹಾಲಾದಿಂದ ಸಂದೇಶ ಬಂತು. ‘ಮ್ಯಾಡಮ್, ಸೀಟು ಸಿಕ್ಕಿದೆ. ಕೊನೆಯ ಅಧ್ಯಾಯ ಓದುತ್ತಿದ್ದೇನೆ. ದಯವಿಟ್ಟು ನೀವು ನೋಡಲು ಬರಬೇಡಿ.’

ನಾನು ಹೋಗಲಿಲ್ಲ. ಬಾಗಿಲು ಮುಚ್ಚುವ ಮುಂಚೆ ಅವಳ ಉತ್ತರ ಬಂತು. ತರಗತಿಯಲ್ಲೇ ಅತ್ಯುತ್ತಮವಾದದ್ದು, ಪುಸ್ತಕವನ್ನು ಸಾಲು ಬಿಡದೆ ಓದಿದವಳು ಮಾತ್ರ ಬರೆಯಬಹುದಾದದ್ದು. ಮೌಸುಮಿ ಪಾಸಾದಳು. ಇಷ್ಟು ವರ್ಷ ಪಾಠ ಮಾಡಿ, ಒಬ್ಬ ಒಳ್ಳೆಯ ವಿದ್ಯಾರ್ಥಿನಿಗೆ ನನ್ನಿಂದ ನಿಜವಾಗಿ ಆದ ಉಪಕಾರ ಇದೊಂದೇ: ಅವಳು ಓದುವಾಗ ನಾನು ಪುಸ್ತಕ ಮುಟ್ಟದೆ ಇದ್ದದ್ದು.